ಶಾಲೆ ಸರ್ಕಾರದ್ದು, ಹೊಣೆ ನನ್ನೊಬ್ಬಳದೇ?

ಪ್ರಶ್ನೆ

ಅಕ್ಕಾ, ನಾನು ಜೇವರ್ಗಿ ತಾಲ್ಲೂಕಿನ ಹಳ್ಳಿಯೊಂದರ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿ. ಆಳಂದ ತಾಲ್ಲೂಕಿನಿಂದ ವರ್ಗವಾಗಿ ಇಲ್ಲಿಗೆ ಬಂದೆ. ಮುಖ್ಯ ಗುರುಗಳು ನಿವೃತ್ತರಾದ ಮೇಲೆ ಪ್ರಭಾರ ನನ್ನ ಹೆಗಲಿಗೆ ಬಿತ್ತು. ಕಾಯಂ ಶಿಕ್ಷಕರು ಮೂವರು, ಅತಿಥಿ ಶಿಕ್ಷಕರು ಇಬ್ಬರು, ಬಿಸಿಯೂಟದ ಅಡುಗೆಯವರು ಮೂವರು. ಇಷ್ಟೇ ನಮ್ಮ ಬಳಗ.

ಮೂರು ವಿಷಯ ನನ್ನ ನಿದ್ದೆ ಕೆಡಿಸಿವೆ. ಒಂದು, ಎರಡು ಕೋಣೆಗಳ ಚಾವಣಿ ಬಿರುಕು ಬಿಟ್ಟಿದೆ. ಮಳೆಗಾಲದಲ್ಲಿ ಸಿಮೆಂಟಿನ ಹಳಕು ಬೀಳುತ್ತದೆ. ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಗೆ ಫೋನ್ ಮಾಡಿ ಹೇಳಿದ್ದೇನೆ, ‘ನೋಡೋಣ’ ಅಂದರು. ಬೇರೆ ಕೋಣೆ ಇಲ್ಲದ್ದಕ್ಕೆ ಮಕ್ಕಳನ್ನು ಅಲ್ಲೇ ಕೂಡಿಸುತ್ತಿದ್ದೇನೆ. ಎರಡು, ಅಡುಗೆಯ ಆಯಿಯೊಬ್ಬರ ಕೈ ಮೇಲೆ ಸಾಂಬಾರ್ ಚೆಲ್ಲಿ ಮೊಣಕೈತನಕ ಸುಟ್ಟಿತು. ‘ಅಕ್ಕೋರೆ, ಇದನ್ನ ಬರದು ಕಳಿಸಬ್ಯಾಡ್ರಿ, ಸಾಲಿಗೆ ಕೆಟ್ಟ ಹೆಸರು ಬರ್ತದ’ ಎಂದು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯವರು (ಎಸ್‌ಡಿಎಂಸಿ) ಹೇಳಿದರು. ಮೂರು, ನಮ್ಮ ಅತಿಥಿ ಶಿಕ್ಷಕಿ ಈಗ ಐದು ತಿಂಗಳ ಗರ್ಭಿಣಿ. ‘ಬಸುರಿ ಹೆಣ್ಮಗಳನ್ನ ಇಟ್ಕೊಂಡು ಏನ್ ಮಾಡ್ತೀರಿ, ಬ್ಯಾರೆಯವರನ್ನ ತಗೋರಿ’ ಎಂದು ಎಸ್‌ಡಿಎಂಸಿ ಅಧ್ಯಕ್ಷರ ಒತ್ತಾಯ.

ಅಫಜಲಪುರದಲ್ಲಿರುವ ನಮ್ಮ ನಾದಿನಿಯೂ ಶಿಕ್ಷಕಿ. ‘ಚಿಣಮಗೇರಾದಾಗ ಏನಾತು ಗೊತ್ತಿಲ್ಲೇನು? ಮೊದಲು ನಿನ್ನ ಮ್ಯಾಲೇ ಬರ್ತದ’ ಅನ್ನುತ್ತಾಳೆ. ಸಂಬಳ ಕೊಡುವವಳು ನಾನಲ್ಲ, ಕೋಣೆ ಕಟ್ಟಿಸುವವಳು ನಾನಲ್ಲ, ಅಡುಗೆಯವರನ್ನು ನೇಮಿಸಿದವಳೂ ನಾನಲ್ಲ. ಆದರೂ ಕೇಸು ನನ್ನ ಮೇಲೆಯೇ ಆಗುತ್ತದೆಯೇ? ಪ್ರಭಾರ ಬಿಟ್ಟುಕೊಟ್ಟು ಸುಮ್ಮನಾಗಲೇ?

— ಹೆಸರು ಬೇಡ, ಜೇವರ್ಗಿ ತಾಲ್ಲೂಕು

ಉತ್ತರ

ತಂಗೀ, ಮೊದಲು ನೇರ ಉತ್ತರ ಹೇಳಿಬಿಡುತ್ತೇನೆ. ಹೊಣೆ ನಿಮ್ಮೊಬ್ಬರದಲ್ಲ. ಹಾಗೆಂದು ನಿಮ್ಮ ಪಾಲಿನ ಹೊಣೆ ಇಲ್ಲವೇ ಇಲ್ಲ ಎಂದೂ ಹೇಳಲಾರೆ. ಅನಾಹುತವೊಂದು ನಡೆದಾಗ ವಿಚಾರಣೆಗೆ ಕೂತವರು ಶಾಲೆಯ ಮುಖ್ಯಸ್ಥರನ್ನು ಮುಖ್ಯವಾಗಿ ಕೇಳುವುದು ಎರಡು ಮಾತು: ಅಪಾಯ ಇದೆ ಎಂದು ನಿಮಗೆ ಗೊತ್ತಿತ್ತೇ? ಗೊತ್ತಾದ ಮೇಲೆ ನೀವು ಏನು ಮಾಡಿದಿರಿ? ಮೊದಲನೆಯದಕ್ಕೆ ನಿಮ್ಮ ಉತ್ತರ ಈಗಾಗಲೇ ‘ಹೌದು’. ಈ ಪತ್ರ ಬರೆದಿದ್ದೇ ಅದಕ್ಕೆ ಸಾಕ್ಷಿ. ಎರಡನೆಯದಕ್ಕೆ ಗಟ್ಟಿ ಉತ್ತರ ಸಿದ್ಧ ಮಾಡಿಕೊಳ್ಳುವುದು ಇನ್ನೂ ನಿಮ್ಮ ಕೈಯಲ್ಲಿದೆ. ಅದಕ್ಕೇ ಈ ದೀರ್ಘ ಉತ್ತರ.

ನಾದಿನಿ ಹೇಳಿದ ಮಾತು

2023ರ ನವೆಂಬರ್‌ನಲ್ಲಿ ಅಫಜಲಪುರ ತಾಲ್ಲೂಕಿನ ಚಿಣಮಗೇರಾ ಗ್ರಾಮದ ಸರ್ಕಾರಿ ಶಾಲೆಯಲ್ಲಿ ಎರಡನೆಯ ತರಗತಿಯ ಬಾಲಕಿಯೊಬ್ಬಳು ಬಿಸಿ ಸಾಂಬಾರಿನ ಪಾತ್ರೆಗೆ ಬಿದ್ದಳು. ಕಲಬುರಗಿಯಿಂದ ಬೆಂಗಳೂರಿಗೆ ಸಾಗಿಸಿದರೂ ಮಗು ಉಳಿಯಲಿಲ್ಲ. ಮುಖ್ಯ ಶಿಕ್ಷಕಿ ಅಮಾನತಾದರು. ಅಡುಗೆಯವರ ಮೇಲೂ ಕ್ರಮವಾಯಿತು. ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲ್ಲೂಕುಗಳ ಶಿಕ್ಷಕರ ಮನಸ್ಸಿನಲ್ಲಿ ಆ ಘಟನೆ ಹೆದರಿಕೆಯಾಗಿ ಉಳಿದಿದೆ. ಅದರಿಂದ ಹೆದರಿಕೆಯನ್ನಷ್ಟೇ ಹೊತ್ತು ತರಬೇಡಿ. ಆ ಮಗುವಿಗೆ ನಾವು ಸಲ್ಲಿಸಬೇಕಾದದ್ದು ಎಚ್ಚರ.

ಅಮಾನತು ಎಂದರೇನು ಎನ್ನುವುದು ಮೊದಲು ಸ್ಪಷ್ಟವಾಗಲಿ. 1957ರ ಕರ್ನಾಟಕ ನಾಗರಿಕ ಸೇವಾ (ವರ್ಗೀಕರಣ, ನಿಯಂತ್ರಣ ಮತ್ತು ಮೇಲ್ಮನವಿ) ನಿಯಮಗಳ 10ನೇ ನಿಯಮದಡಿ ವಿಚಾರಣೆ ಬಾಕಿ ಇರುವಾಗ ನೌಕರರನ್ನು ಅಮಾನತಿನಲ್ಲಿಡಬಹುದು. ಅದು ಶಿಕ್ಷೆಯಲ್ಲ. ಆ ಅವಧಿಯಲ್ಲಿ ಜೀವನಾಧಾರ ಭತ್ಯೆ ಸಿಗುತ್ತದೆ. ದೋಷಾರೋಪ ಪಟ್ಟಿ ಕೊಟ್ಟು, ನಿಮ್ಮ ಮಾತು ಕೇಳಿ, ಸಾಕ್ಷಿ ನೋಡಿದ ಮೇಲಷ್ಟೇ ದೊಡ್ಡ ದಂಡನೆ ವಿಧಿಸಬಹುದು.

ಕ್ರಿಮಿನಲ್ ಪ್ರಕರಣದ ದಾರಿ ಬೇರೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಂ ನಿರ್ಲಕ್ಷ್ಯದಿಂದ ಸಾವಿಗೆ ಕಾರಣರಾದವರಿಗೆ ಐದು ವರ್ಷದವರೆಗೆ ಸಜೆ ಹೇಳುತ್ತದೆ. ಹಳೆಯ ದಂಡ ಸಂಹಿತೆಯಲ್ಲಿ ಇದು ಎರಡು ವರ್ಷವಿತ್ತು. ಹೀಗೆ ಕಾನೂನು ಬಿಗಿಯಾಗಿದೆ. ಆದರೆ ಅಲ್ಲಿ ಸಾಬೀತಾಗಬೇಕಾದದ್ದು ‘ನಿರ್ಲಕ್ಷ್ಯ’. ಶಾಲೆಯಲ್ಲಿ ಅವಘಡವಾಯಿತು ಎಂಬುದಷ್ಟೇ ಸಾಲದು.

ಒಂದು ಹಳೆಯ ಪ್ರಕರಣ ನೋಡಿ. 1995ರ ಮೇ ತಿಂಗಳಲ್ಲಿ ಪಂಜಾಬಿನ ಖಾಸಗಿ ಶಾಲೆಯೊಂದರ ಮಕ್ಕಳು ವಿಹಾರಕ್ಕೆಂದು ಬಿಯಾಸ್ ನದಿಗೆ ಹೋಗಿದ್ದರು. 14 ಮಕ್ಕಳು ಮುಳುಗಿ ಸತ್ತರು. ಮಕ್ಕಳು ಶಾಲೆಯ ವಶದಲ್ಲಿರುವಷ್ಟು ಹೊತ್ತು ತಂದೆತಾಯಿಯಷ್ಟೇ ಎಚ್ಚರ ಶಿಕ್ಷಕರಿಗೂ ಇರಬೇಕು, ಅವರು ತಪ್ಪಿದರೆ ನೇಮಿಸಿದ ಆಡಳಿತವೂ ಪರಿಹಾರ ಕೊಡಬೇಕು ಎಂಬ ನೆಲೆಯಲ್ಲಿ 2001ರಲ್ಲಿ ಸುಪ್ರೀಂ ಕೋರ್ಟ್ ಪ್ರತಿ ಮಗುವಿಗೆ ಐದು ಲಕ್ಷ ರೂಪಾಯಿಯ ಪರಿಹಾರವನ್ನು ಎತ್ತಿಹಿಡಿಯಿತು. ಈ ತೀರ್ಪಿನ ಎರಡೂ ಮುಖ ನಿಮಗೆ ಮುಖ್ಯ. ಎಚ್ಚರ ವಹಿಸುವುದು ನಿಮ್ಮ ಕೆಲಸ, ಪರಿಹಾರದ ಹೊರೆ ಹೊರುವುದು ಆಡಳಿತದ ಕೆಲಸ.

ಇನ್ನೊಂದು ರಕ್ಷಣೆಯ ಬಗ್ಗೆ ಶಿಕ್ಷಕರು ಮಾತಾಡುವುದೇ ಕಡಿಮೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 37ನೇ ಕಲಂ ಪ್ರಕಾರ, ಆ ಕಾಯ್ದೆಯಡಿ ಸದುದ್ದೇಶದಿಂದ ಮಾಡಿದ ಕೆಲಸಕ್ಕಾಗಿ ಶಾಲಾ ಸಮಿತಿಯ ಮೇಲಾಗಲಿ, ಯಾವುದೇ ವ್ಯಕ್ತಿಯ ಮೇಲಾಗಲಿ ದಾವೆ ಹೂಡುವಂತಿಲ್ಲ. ಸದುದ್ದೇಶ ಎನ್ನುವುದು ಬಾಯಿ ಮಾತಿನಿಂದ ಸಾಬೀತಾಗುವುದಿಲ್ಲ. ಅದಕ್ಕೆ ಕೆಲಸ ಮಾಡಿದ ಗುರುತು ಬೇಕು, ಕಾಗದ ಬೇಕು. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ನಿಮ್ಮ ಮೂರು ವಿಷಯಗಳಿಗೆ ಬರೋಣ.

ಬಿರುಕು ಬಿಟ್ಟ ಕೋಣೆ

ಇದಕ್ಕೆ ತಡವೇ ಬೇಡ. ಈ ಪತ್ರಿಕೆ ನಿಮ್ಮ ಕೈ ಸೇರಿದ ಮಾರನೆಯ ದಿನವೇ ಆ ಎರಡು ಕೋಣೆಗಳಿಗೆ ಬೀಗ ಹಾಕಿ. ಬಾಗಿಲ ಮೇಲೆ ‘ಅಪಾಯ, ಪ್ರವೇಶವಿಲ್ಲ’ ಎಂದು ದೊಡ್ಡಕ್ಷರದಲ್ಲಿ ಬರೆಸಿ. ಬಿಡುವಿನ ವೇಳೆಯಲ್ಲಿ ಮಕ್ಕಳು ಆ ಗೋಡೆಯ ನೆರಳಿಗೆ ಆಡಲು ಹೋಗದಂತೆ ನೋಡಿಕೊಳ್ಳಿ.

‘ಮಕ್ಕಳನ್ನು ಎಲ್ಲಿ ಕೂಡಿಸಲಿ?’ ಎಂದು ಕೇಳುತ್ತೀರಿ. ಕಷ್ಟವೇ. ಎರಡು ತರಗತಿಗಳನ್ನು ಒಟ್ಟಿಗೆ ಕೂಡಿಸಿ. ಗಟ್ಟಿಯಾಗಿರುವ ಪಡಸಾಲೆ ಬಳಸಿ. ಊರಿನ ಸಮುದಾಯ ಭವನ ಕೇಳಿ, ಗುಡಿಯ ಪೌಳಿ ಕೇಳಿ. ಯಾವುದೂ ಆಗದಿದ್ದರೆ ಬಿಇಒ ಅವರ ಒಪ್ಪಿಗೆ ಪಡೆದು ಪಾಳಿಯಲ್ಲಿ ತರಗತಿ ನಡೆಸಿ. ಪಾಠ ತುಸು ಹಿಂದೆ ಬಿದ್ದರೆ ಮುಂದೆ ತುಂಬಿಕೊಳ್ಳಬಹುದು.

ಇಷ್ಟು ಕಟುವಾಗಿ ಹೇಳಲು ಕಾರಣವಿದೆ. 2025ರ ಜುಲೈ 25ರಂದು ರಾಜಸ್ಥಾನದ ಝಾಲಾವಾಡ ಜಿಲ್ಲೆಯ ಪಿಪ್ಲೋದಿ ಗ್ರಾಮದ ಸರ್ಕಾರಿ ಶಾಲೆಯ ಚಾವಣಿ ಕುಸಿದು ಏಳು ಮಕ್ಕಳು ಸತ್ತರು. ಆಗಲೂ ಮೊದಲು ಅಮಾನತಾದವರು ಶಿಕ್ಷಕರೇ. ನಿಮ್ಮ ಭಾಗದ ಶಾಲೆಗಳ ಗೋಡೆಗಳಿಗೆ ಬಿಸಿಲೂ ಹೊಸದಲ್ಲ, ನೀರೂ ಹೊಸದಲ್ಲ. 2020ರ ಅಕ್ಟೋಬರ್‌ನಲ್ಲಿ, ಮತ್ತೆ 2025ರ ಸೆಪ್ಟೆಂಬರ್‌ನಲ್ಲಿ ಭೀಮೆ ಉಕ್ಕಿ ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ದಂಡೆಯ ಹಳ್ಳಿಗಳು ನೀರಿನಲ್ಲಿ ನಿಂತಿದ್ದವು. ಕರಿಮಣ್ಣು ನೀರು ಕುಡಿದಾಗ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ. ಅದರ ಮೇಲೆ ತೆಳುವಾದ ಬುನಾದಿ ಹಾಕಿ ಕಟ್ಟಿದ ಗೋಡೆ ವರ್ಷದಿಂದ ವರ್ಷಕ್ಕೆ ಸೀಳುತ್ತ ಹೋಗುತ್ತದೆ. ಹೋದ ಮಳೆಗಾಲಕ್ಕೆ ನಿಂತ ಚಾವಣಿ ಬರುವ ಮಳೆಗಾಲಕ್ಕೂ ನಿಲ್ಲುತ್ತದೆ ಎಂದು ನಂಬಬೇಡಿ.

ಫೋನಿನಲ್ಲಿ ಹೇಳಿದ್ದು ದಾಖಲೆಯಲ್ಲ. ಪತ್ರ ಬರೆಯಿರಿ. ಹೀಗೆ ಬರೆದರೆ ಸಾಕು:

‘ನಮ್ಮ ಶಾಲೆಯ ಇಂತಿಂಥ ಸಂಖ್ಯೆಯ ಎರಡು ಕೊಠಡಿಗಳ ಚಾವಣಿ ಬಿರುಕು ಬಿಟ್ಟು ಸಿಮೆಂಟಿನ ಪದರ ಬೀಳುತ್ತಿದೆ. ಛಾಯಾಚಿತ್ರಗಳನ್ನು ಲಗತ್ತಿಸಿದೆ. ಮಕ್ಕಳ ಸುರಕ್ಷತೆಗಾಗಿ ಇಂದಿನಿಂದ ಸದರಿ ಕೊಠಡಿಗಳ ಬಳಕೆ ನಿಲ್ಲಿಸಿ ಬೀಗ ಹಾಕಲಾಗಿದೆ. ಪಂಚಾಯತ್ ರಾಜ್ ಎಂಜಿನಿಯರಿಂಗ್ ಉಪವಿಭಾಗದ ಎಂಜಿನಿಯರರಿಂದ ಪರಿಶೀಲನೆ ಮಾಡಿಸಿ, ದುರಸ್ತಿ ಅಥವಾ ತೆರವಿಗೆ ಕ್ರಮ ಕೈಗೊಳ್ಳಬೇಕು ಹಾಗೂ ಅಲ್ಲಿಯವರೆಗೆ ಬದಲಿ ವ್ಯವಸ್ಥೆ ಒದಗಿಸಬೇಕು ಎಂದು ವಿನಂತಿಸುತ್ತೇನೆ.’

ಪತ್ರ ಬಿಇಒ ಅವರಿಗೆ ಹೋಗಲಿ. ಪ್ರತಿಗಳು ತಾಲ್ಲೂಕು ಪಂಚಾಯಿತಿಗೆ, ಗ್ರಾಮ ಪಂಚಾಯಿತಿಗೆ, ಎಸ್‌ಡಿಎಂಸಿ ಅಧ್ಯಕ್ಷರಿಗೆ ಹೋಗಲಿ. ಕೋಣೆಗಳಿಗೆ ಹಣ ಒದಗಿಸುವ ದಾರಿಗಳಲ್ಲಿ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯೂ ಒಂದು. ಎಸ್‌ಡಿಎಂಸಿಯ ಠರಾವಿನೊಂದಿಗೆ ಶಾಸಕರ ಮೂಲಕ ಅಲ್ಲಿಗೂ ಬೇಡಿಕೆ ಸಲ್ಲಿಸಿ. ಅಧಿಕಾರಿಗಳು ಸುಮ್ಮನಿದ್ದರೆ ಅವರಿಗೆ ಒಂದು ತೀರ್ಪು ನೆನಪಿಸಬಹುದು. ತಮಿಳುನಾಡಿನ ಕುಂಭಕೋಣಂನಲ್ಲಿ 2004ರ ಜುಲೈ 16ರಂದು ಬಿಸಿಯೂಟದ ಅಡುಗೆ ಬೆಂಕಿ ಗರಿ ಮಾಡಿಗೆ ಹತ್ತಿ 94 ಮಕ್ಕಳು ಸುಟ್ಟುಹೋದರು. ಆ ದುರಂತದ ಹಿನ್ನೆಲೆಯಲ್ಲಿ ಬಂದ ಅವಿನಾಶ್ ಮೆಹರೋತ್ರ ಪ್ರಕರಣದಲ್ಲಿ 2009ರಲ್ಲಿ ಸುಪ್ರೀಂ ಕೋರ್ಟ್, ಶಿಕ್ಷಣದ ಹಕ್ಕಿನೊಳಗೆ ಸುರಕ್ಷಿತ ಶಾಲೆಯ ಹಕ್ಕೂ ಸೇರಿದೆ ಎಂದಿತು. ಆ ಹಕ್ಕನ್ನು ಪೂರೈಸಬೇಕಾದದ್ದು ಸರ್ಕಾರ. ನೀವು ಅದನ್ನು ಕೇಳುವವರು.

ಸುಟ್ಟ ಕೈ

‘ಬರೆದು ಕಳಿಸಬೇಡಿ’ ಎಂದವರ ಮಾತು ಕೇಳಬೇಡಿ. ಶಾಲೆಯ ಹೆಸರು ಗಾಯವಾಯಿತೆಂದು ಕೆಡುವುದಿಲ್ಲ. ಮುಚ್ಚಿಟ್ಟದ್ದು ಹೊರಬಂದಾಗ ಕೆಡುತ್ತದೆ. ಇವತ್ತು ಆಯಿಯ ಕೈ ಸುಟ್ಟದ್ದನ್ನು ಮುಚ್ಚಿಟ್ಟು, ನಾಳೆ ಅದೇ ಜಾಗದಲ್ಲಿ ಮಗುವಿಗೆ ಏನಾದರೂ ಆದರೆ, ‘ಮೊದಲೇ ಗೊತ್ತಿದ್ದೂ ಸುಮ್ಮನಿದ್ದಿರಿ’ ಎಂಬ ಮಾತಿಗೆ ನಿಮ್ಮಲ್ಲಿ ಉತ್ತರವಿರುವುದಿಲ್ಲ.

ಮೊದಲು ಆಯಿಯನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ತಾಲ್ಲೂಕು ಆಸ್ಪತ್ರೆಗೋ ಕರೆದೊಯ್ದು ಚಿಕಿತ್ಸೆಯ ಚೀಟಿ ಮಾಡಿಸಿ. ಹೇಗೆ ಸುಟ್ಟಿತು ಎಂದು ಕೇಳಿದಾಗ ‘ಶಾಲೆಯ ಅಡುಗೆ ಕೋಣೆಯಲ್ಲಿ’ ಎಂದೇ ಬರೆಸಿ. ಮನೆಯಲ್ಲಿ ಆಯಿತೆಂದು ಬರೆಸಿದರೆ ಆಕೆಯ ಪರಿಹಾರದ ದಾರಿಯೇ ಮುಚ್ಚಿಹೋಗುತ್ತದೆ. ಆಮೇಲೆ ಘಟನೆಯ ದಿನ, ಹೊತ್ತು, ಅಲ್ಲಿದ್ದವರ ಹೆಸರು ಬರೆದು ತಾಲ್ಲೂಕು ಪಂಚಾಯಿತಿಯ ಅಕ್ಷರ ದಾಸೋಹ (ಬಿಸಿಯೂಟ ಯೋಜನೆ) ಸಹಾಯಕ ನಿರ್ದೇಶಕರಿಗೆ ವರದಿ ಕೊಡಿ. ವೈದ್ಯಕೀಯ ವೆಚ್ಚ ಮತ್ತು ಪರಿಹಾರಕ್ಕೆ ಆಕೆಯ ಅರ್ಜಿಯನ್ನೂ ಜೊತೆಗಿಡಿ.

ಅಡುಗೆಯವರ ಮಾಲೀಕರು ಯಾರು? ನಿಮ್ಮ ಪ್ರಶ್ನೆಯ ತಿರುಳು ಇಲ್ಲಿದೆ. ಶಾಲಾ ಮಕ್ಕಳಿಗೆ ಬೇಯಿಸಿದ ಊಟ ಕೊಡಲೇಬೇಕೆಂದು ಸುಪ್ರೀಂ ಕೋರ್ಟ್ 2001ರ ನವೆಂಬರ್ 28ರಂದು ಆದೇಶಿಸಿತು. ಮರುವರ್ಷ ಕರ್ನಾಟಕದಲ್ಲಿ ಅಕ್ಷರ ದಾಸೋಹ ಆರಂಭವಾದದ್ದು ಈಶಾನ್ಯದ ಜಿಲ್ಲೆಗಳಲ್ಲೇ. ನಿಮ್ಮ ಕಲಬುರಗಿ ಅವುಗಳಲ್ಲೊಂದು. ಅಂದಿನಿಂದ ಇಂದಿನವರೆಗೆ ಒಲೆ ಹೊತ್ತಿಸುತ್ತಿರುವ ಹೆಣ್ಣುಮಕ್ಕಳಿಗೆ ಸಿಗುವುದು ಸಂಬಳವಲ್ಲ, ‘ಗೌರವಧನ’. ಗೌರವಧನ ಎಂದಮಾತ್ರಕ್ಕೆ ಅವರು ಕೆಲಸಗಾರರಲ್ಲ ಎನ್ನುವ ವಾದವನ್ನು ನ್ಯಾಯಾಲಯಗಳು ಒಂದೊಂದಾಗಿ ತಳ್ಳಿಹಾಕುತ್ತಿವೆ. 2022ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಗುಜರಾತಿನ ಪ್ರಕರಣವೊಂದರಲ್ಲಿ ಅಂಗನವಾಡಿ ಕಾರ್ಯಕರ್ತೆಯರ ಗೌರವಧನವೂ ವೇತನವೇ, ಅವರಿಗೆ ಗ್ರಾಚ್ಯುಟಿ ಸಲ್ಲಬೇಕು ಎಂದಿತು. ಬಿಸಿಯೂಟದ ಅಡುಗೆಯವರಿಗೆ ತಿಂಗಳಿಗೆ ಸಾವಿರ ರೂಪಾಯಿ ಕೊಟ್ಟು ದುಡಿಸುವುದು ಸಂವಿಧಾನದ 23ನೇ ವಿಧಿ ನಿಷೇಧಿಸಿರುವ ಬಲವಂತದ ದುಡಿಮೆ ಎಂದು ಅಲಹಾಬಾದ್ ಹೈಕೋರ್ಟ್ 2020ರ ಡಿಸೆಂಬರ್‌ನಲ್ಲಿ ಹೇಳಿತು. ಆಯಿ ನಿಮ್ಮ ನೌಕರಳಲ್ಲ ನಿಜ. ಆದರೆ ಆಕೆಯ ಕಷ್ಟ ಸರ್ಕಾರಕ್ಕೆ ಮುಟ್ಟುವ ದಾರಿ ನಿಮ್ಮ ಮೇಜಿನ ಮೂಲಕವೇ ಹೋಗುತ್ತದೆ. ಆ ದಾರಿಯನ್ನು ನೀವು ಮುಚ್ಚಬಾರದು.

ಇನ್ನು ಮುಂದೆ ಹೀಗಾಗದಂತೆ ಕೆಲವು ಕೆಲಸ ಮಾಡಿ. ಒಲೆಯಿಂದ ಇಳಿಸಿದ ಪಾತ್ರೆ ಅಡುಗೆ ಕೋಣೆಯಲ್ಲೇ ಮುಚ್ಚಳ ಹಾಕಿಕೊಂಡು ಆರಲಿ. ಅದನ್ನು ಸಾಗಿಸುವುದು ಇಬ್ಬರು ದೊಡ್ಡವರು, ಒಬ್ಬರಲ್ಲ. ಬಡಿಸುವುದು ಸಣ್ಣ ಬಕೆಟಿನಿಂದ. ದೊಡ್ಡ ಪಾತ್ರೆ ಮಕ್ಕಳ ಸಾಲಿನ ಹತ್ತಿರ ಬರಲೇಬಾರದು. ಊಟದ ಹೊತ್ತಿಗೆ ಅಡುಗೆ ಕೋಣೆಯ ಬಾಗಿಲಲ್ಲಿ ಶಿಕ್ಷಕರೊಬ್ಬರು ನಿಂತಿರಲಿ. ಸರದಿ ಬರೆದು ಗೋಡೆಗೆ ಅಂಟಿಸಿ. ಬಡಿಸುವ ಮುನ್ನ ಶಿಕ್ಷಕರೊಬ್ಬರು ರುಚಿ ನೋಡಿ ದಾಖಲಿಸುವ ನಿಯಮ ಇದ್ದೇ ಇದೆ. ಅದೇ ಪುಟದಲ್ಲಿ ಪಾತ್ರೆ ಎಲ್ಲಿತ್ತು, ಯಾರು ನಿಗಾ ನೋಡಿದರು ಎಂದೂ ಒಂದು ಸಾಲು ಸೇರಿಸಿ.

ಮುಖ್ಯವಾಗಿ ತೊಗರಿ ರಾಶಿಯ ದಿನಗಳಲ್ಲಿ ಎಚ್ಚರವಾಗಿರಿ. ಹೊಲದ ಕೂಲಿ ಗೌರವಧನಕ್ಕಿಂತ ಮೇಲಾದ್ದರಿಂದ ಅಡುಗೆಯವರಲ್ಲಿ ಒಬ್ಬರು ತಪ್ಪಿಸಿಕೊಳ್ಳುವುದುಂಟು. ಆಗ ಏಳನೆಯ ತರಗತಿಯ ಹುಡುಗಿಯರನ್ನು ಪಾತ್ರೆ ಹಿಡಿಯಲು ಕರೆಯುವ ರೂಢಿ ಎಷ್ಟೋ ಕಡೆ ಇದೆ. ನಿಮ್ಮ ಶಾಲೆಯಲ್ಲಿ ಇದ್ದರೆ ಇವತ್ತೇ ನಿಲ್ಲಿಸಿ. ಕೈ ಸಾಲದ ದಿನ ಊಟ ಅರ್ಧ ಗಂಟೆ ತಡವಾಗಲಿ, ಶಿಕ್ಷಕರೇ ಪಾತ್ರೆ ಹಿಡಿಯಲಿ.

ಮೂವರು ಅಡುಗೆಯವರನ್ನೂ ಅವರ ಬ್ಯಾಂಕಿಗೆ ಕಳಿಸಿ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ಹೆಸರು ಬರೆಸಿ. ವರ್ಷಕ್ಕೆ 20 ರೂಪಾಯಿ. ಅಪಘಾತದಲ್ಲಿ ಸಾವಾದರೆ ಎರಡು ಲಕ್ಷ ಕುಟುಂಬಕ್ಕೆ ಬರುತ್ತದೆ. ಸರ್ಕಾರದ ಹೊಣೆಗೆ ಇದು ಬದಲಿ ಅಲ್ಲ. ಆದರೂ ಇರಲಿ.

ಗರ್ಭಿಣಿ ಶಿಕ್ಷಕಿ

ಮೂರರಲ್ಲಿ ನೀವು ತೀರ ದೃಢವಾಗಿ ನಿಲ್ಲಬೇಕಾದದ್ದು ಇಲ್ಲಿ. ಗರ್ಭಿಣಿ ಎಂಬ ಕಾರಣಕ್ಕೆ ಆ ಹೆಣ್ಣುಮಗಳನ್ನು ಬಿಡಿಸುವ ಕಾಗದಕ್ಕೆ ನಿಮ್ಮ ಸಹಿ ಬೀಳಕೂಡದು.

1961ರ ಹೆರಿಗೆ ಸೌಲಭ್ಯ ಕಾಯ್ದೆ ಈಗ 2020ರ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿದೆ. ಸಂಹಿತೆ 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ. ಹೆರಿಗೆಗೆ ಮುಂಚಿನ 12 ತಿಂಗಳಲ್ಲಿ 80 ದಿನ ದುಡಿದವರಿಗೆ ಮೊದಲ ಎರಡು ಮಕ್ಕಳ ಹೆರಿಗೆಗೆ 26 ವಾರಗಳ ರಜೆ ಮತ್ತು ವೇತನ, ಆ ಅವಧಿಯಲ್ಲಿ ಕೆಲಸದಿಂದ ತೆಗೆಯದಂತೆ ರಕ್ಷಣೆ ಇದರ ಸಾರ. ಕಾಯಂ ಅಲ್ಲದವರಿಗೆ ಇದು ಸಲ್ಲದು ಎನ್ನುವುದು ಹಳ್ಳಿಯಿಂದ ಕಚೇರಿಯವರೆಗೆ ಹಬ್ಬಿರುವ ತಪ್ಪು ತಿಳಿವಳಿಕೆ. ದೆಹಲಿ ಮಹಾನಗರ ಪಾಲಿಕೆಯ ದಿನಗೂಲಿ ಹೆಣ್ಣುಮಕ್ಕಳಿಗೂ ಹೆರಿಗೆ ಸೌಲಭ್ಯ ಸಲ್ಲಬೇಕೆಂದು ಸುಪ್ರೀಂ ಕೋರ್ಟ್ 2000ದಲ್ಲೇ ಹೇಳಿದೆ. ಗುತ್ತಿಗೆಯ ಅವಧಿ ಮುಗಿದರೂ ಹೆರಿಗೆ ಸೌಲಭ್ಯ ಮುಂದುವರಿಯಬೇಕೆಂದು 2023ರ ಆಗಸ್ಟ್‌ನಲ್ಲಿ ಹೇಳಿದೆ. 2025ರ ಮೇನಲ್ಲಿ ತಮಿಳುನಾಡಿನ ಸರ್ಕಾರಿ ಶಾಲಾ ಶಿಕ್ಷಕಿಯೊಬ್ಬರ ಪ್ರಕರಣದಲ್ಲಿ, ಹೆರಿಗೆ ರಜೆ ಮಹಿಳೆಯ ಸಂತಾನ ಸಂಬಂಧಿ ಹಕ್ಕುಗಳ ಭಾಗ ಎಂದು ಸಾರಿದೆ.

ಅತಿಥಿ ಶಿಕ್ಷಕಿಗೆ ರಜೆಯ ಗೌರವಧನ ಕೊಡುವುದು ಬಿಡುವುದು ನಿಮ್ಮ ಅಧಿಕಾರದಲ್ಲಿಲ್ಲ. ಅದನ್ನು ಇಲಾಖೆ ನಿರ್ಧರಿಸಬೇಕು. ನೀವು ಮಾಡಬೇಕಾದದ್ದು ಇಷ್ಟು: ಆಕೆಯಿಂದ ತಾಯಿ ಕಾರ್ಡಿನ ಪ್ರತಿಯೊಂದಿಗೆ ಅರ್ಜಿ ಪಡೆಯಿರಿ, ‘ಆದೇಶಕ್ಕಾಗಿ ಸಲ್ಲಿಸಿದೆ’ ಎಂದು ಬರೆದು ಬಿಇಒ ಅವರಿಗೆ ಕಳಿಸಿ. ರಜೆಯ ಅವಧಿಗೆ ಬದಲಿ ವ್ಯವಸ್ಥೆ ಕೇಳಿ. ‘ಬದಲಿ’ ಎಂದೇ ಕೇಳಿ, ‘ಹೊಸಬರು’ ಎಂದು ಬೇಡ. ಆಕೆ ಬರುವವರೆಗೆ ಮಾತ್ರ ಎಂದು ಆ ಕಾಗದದಲ್ಲಿರಲಿ.

ಅಧ್ಯಕ್ಷರೊಂದಿಗೆ ಜಗಳ ಬೇಡ. ‘ಯಜಮಾನ್ರೆ, ಹಿಂಗ ತೆಗೆದ್ರ ಆಕಿ ಕೋರ್ಟಿಗೆ ಹೋಗಬಹುದು. ಆಗ ಠರಾವಿಗೆ ಸಹಿ ಹಾಕಿದವರೆಲ್ಲ ಉತ್ತರ ಕೊಡಬೇಕಾಗ್ತದ್ರಿ’ ಎಂದು ಸಮಾಧಾನದಿಂದ ತಿಳಿಹೇಳಿ. ಎಸ್‌ಡಿಎಂಸಿಯಲ್ಲಿ ತಾಯಂದಿರೂ ಸದಸ್ಯರಾಗಿದ್ದಾರೆ. ಅವರು ಕೂತ ಸಭೆಯಲ್ಲೇ ವಿಷಯ ಇಡಿ. ಆದರೂ ಅವರು ತೆಗೆಯುವ ಠರಾವು ಮಾಡಿದರೆ, ನಡಾವಳಿ ಪುಸ್ತಕದಲ್ಲಿ ‘ನನ್ನ ಅಸಮ್ಮತಿ ಇದೆ’ ಎಂದು ಬರೆದು ಸಹಿ ಹಾಕಿ, ಬಿಇಒ ಅವರ ಗಮನಕ್ಕೆ ತನ್ನಿ.

ಒಂದು ಎಚ್ಚರಿಕೆಯ ಮಾತು. ಕರುಣೆಯಿಂದ ಆಕೆಗೆ ‘ನಿನ್ನನ್ನು ಕಾಯಂ ಮಾಡಿಸುತ್ತೇನೆ’ ಎಂಬಂಥ ಆಸೆ ಹುಟ್ಟಿಸಬೇಡಿ. ಕರ್ನಾಟಕದಿಂದಲೇ ಹೋದ ಉಮಾದೇವಿ ಪ್ರಕರಣದಲ್ಲಿ 2006ರ ಏಪ್ರಿಲ್ 10ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ, ನಿಯಮಬದ್ಧ ನೇಮಕಾತಿ ಇಲ್ಲದೆ ಬಂದವರಿಗೆ ಬಹುಕಾಲ ದುಡಿದಿದ್ದೇವೆ ಎಂಬ ಕಾರಣಕ್ಕಷ್ಟೇ ಕಾಯಂ ಆಗುವ ಹಕ್ಕು ಹುಟ್ಟದು ಎಂದಿದೆ. ಇತ್ತೀಚೆಗೆ, 2024ರ ಡಿಸೆಂಬರ್‌ನ ಜಗ್ಗೋ ಪ್ರಕರಣದಲ್ಲಿ, ಆ ತೀರ್ಪನ್ನು ಗುರಾಣಿ ಮಾಡಿಕೊಂಡು ದಶಕಗಟ್ಟಲೆ ಜನರನ್ನು ತಾತ್ಕಾಲಿಕವಾಗಿಯೇ ದುಡಿಸಿಕೊಳ್ಳಬೇಡಿ ಎಂದು ಅದೇ ನ್ಯಾಯಾಲಯ ಸರ್ಕಾರಗಳನ್ನು ಎಚ್ಚರಿಸಿದೆ. ಈ ಚರ್ಚೆ ಮುಗಿದಿಲ್ಲ. ಆಕೆ ಹುದ್ದೆಯ ಅರ್ಹತಾ ಪರೀಕ್ಷೆ ಬರೆಯಲಿ, ಕಲ್ಯಾಣ ಕರ್ನಾಟಕದವರಿಗೆ ಸಂವಿಧಾನದ 371(ಜೆ) ವಿಧಿಯಡಿ ಸಿಗುವ ಮೀಸಲಾತಿಗೆ ಬೇಕಾದ ಪ್ರಮಾಣಪತ್ರ ಮಾಡಿಸಿಕೊಳ್ಳಲಿ, ಸೇವೆಯ ಪ್ರಮಾಣಪತ್ರಗಳನ್ನು ವರ್ಷವರ್ಷವೂ ನಿಮ್ಮಿಂದ ಪಡೆದಿಟ್ಟುಕೊಳ್ಳಲಿ. ನೀವು ಕೊಡಬಹುದಾದ ನಿಜವಾದ ನೆರವು ಇದು.

ನೀವು ಕೇಳದ ಒಂದು ವಿಷಯವನ್ನೂ ಸೇರಿಸುತ್ತೇನೆ. ನಿಮ್ಮ ಶಾಲೆಯಲ್ಲಿ ದುಡಿಯುವವರು ಎಂಟು ಜನ. ಹತ್ತಕ್ಕಿಂತ ಕಡಿಮೆ ಜನರಿರುವಲ್ಲಿ ಹೆಣ್ಣುಮಕ್ಕಳಿಗೆ ಲೈಂಗಿಕ ಕಿರುಕುಳವಾದರೆ, 2013ರ ಕಾಯ್ದೆಯಂತೆ ಜಿಲ್ಲೆಯ ಸ್ಥಳೀಯ ಸಮಿತಿಗೆ ಮೂರು ತಿಂಗಳೊಳಗೆ ದೂರು ಕೊಡಬಹುದು. ತಾಲ್ಲೂಕಿನಲ್ಲಿ ದೂರು ಪಡೆದು ಏಳು ದಿನದೊಳಗೆ ಸಮಿತಿಗೆ ಕಳಿಸಲು ನೋಡಲ್ ಅಧಿಕಾರಿ ಇರಬೇಕೆಂದೂ ಕಾಯ್ದೆ ಹೇಳುತ್ತದೆ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯವಾದ ಸುಳಿವು ಸಿಕ್ಕರೆ ಮಾತ್ರ ಸಮಿತಿ, ಸಭೆ, ರಾಜಿ ಯಾವುದೂ ಇಲ್ಲ. ನೇರವಾಗಿ ಪೊಲೀಸರಿಗೆ ತಿಳಿಸಬೇಕು. ತಿಳಿಸದೆ ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥರಿಗೆ ಪೋಕ್ಸೊ ಕಾಯ್ದೆಯಡಿ ಒಂದು ವರ್ಷದವರೆಗೆ ಸಜೆಯಿದೆ. ಅಡುಗೆಯವರಿಗೂ ಅತಿಥಿ ಶಿಕ್ಷಕರಿಗೂ ಇದನ್ನು ತಿಳಿಸಿ. ಮಕ್ಕಳ ಸಹಾಯವಾಣಿ 1098 ಗೋಡೆಯ ಮೇಲಿರಲಿ.

ಕಾಗದದ ಶಿಸ್ತು

ಜಾವಕ ವಹಿಯಲ್ಲಿ ಸಂಖ್ಯೆ ಹಾಕದೆ ಯಾವ ಪತ್ರವೂ ಶಾಲೆ ಬಿಡಬಾರದು. ಮುದ್ದಾಂ ಕಳಿಸಿದರೆ ಕಚೇರಿಯ ಮುದ್ರೆ, ದಿನಾಂಕ, ಸಹಿ ಇರುವ ಸ್ವೀಕೃತಿ ಪ್ರತಿ ಪಡೆಯಿರಿ. ಸ್ವೀಕೃತಿ ಕೊಡಲು ಹಿಂದೇಟು ಹಾಕಿದರೆ ಸ್ಪೀಡ್ ಪೋಸ್ಟ್ ಇದೆ, ಇಲಾಖೆಯ ಮಿಂಚಂಚೆ ಇದೆ. ವಾಟ್ಸ್ಆ್ಯಪ್ ಗುಂಪಿನಲ್ಲಿ ಫೋಟೊ ಹಾಕಿದ್ದನ್ನೇ ವರದಿ ಎಂದುಕೊಳ್ಳಬೇಡಿ. ಹದಿನೈದು ದಿನಕ್ಕೆ ಉತ್ತರ ಬಾರದಿದ್ದರೆ ಹಿಂದಿನ ಪತ್ರದ ಸಂಖ್ಯೆ ಕಾಣಿಸಿ ನೆನಪೋಲೆ ಬರೆಯಿರಿ. ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ (ಸಿಆರ್‌ಪಿ) ಭೇಟಿಗೆ ಬಂದಾಗ ಬೀಗ ಹಾಕಿದ ಕೋಣೆ ತೋರಿಸಿ, ಸಂದರ್ಶನ ಪುಸ್ತಕದಲ್ಲಿ ಅವರ ಕೈಯಿಂದಲೇ ನಾಲ್ಕು ಸಾಲು ಬರೆಸಿ. ಎಲ್ಲದರ ಒಂದು ಪ್ರತಿ ನಿಮ್ಮ ಮನೆಯಲ್ಲಿರಲಿ, ಏಕೆಂದರೆ ಅಮಾನತಾದ ದಿನ ಶಾಲೆಯ ಕಪಾಟು ನಿಮ್ಮದಲ್ಲ.

ನಾಳೆ ಕಾರಣ ಕೇಳುವ ನೋಟಿಸು ಬಂದರೂ ಕೈಕಾಲು ಬಿಡಬೇಡಿ. ಕೊಟ್ಟ ಅವಧಿಯೊಳಗೆ ಉತ್ತರಿಸಿ. ಸಮಯ ಸಾಲದಿದ್ದರೆ ಬರಹದಲ್ಲೇ ಕೇಳಿ. ಆರೋಪಕ್ಕೆ ಆಧಾರವಾದ ದಾಖಲೆಗಳ ಪ್ರತಿ ಕೇಳುವುದು ನಿಮ್ಮ ಹಕ್ಕು. ‘ತಪ್ಪಾಯ್ತು ಅಂತ ಬರ್ಕೊಟ್ಬಿಡ್ರಿ, ಮುಗಿಸ್ತೀವಿ’ ಎಂದು ಯಾರಾದರೂ ಹೇಳಿದರೆ ಬರೆದುಕೊಡಬೇಡಿ. ಸೇವಾ ವಿಷಯದ ಅನ್ಯಾಯಕ್ಕೆ ಕರ್ನಾಟಕ ಆಡಳಿತ ನ್ಯಾಯಮಂಡಳಿಯ ಪೀಠ ಕಲಬುರಗಿಯಲ್ಲೇ ಇದೆ. 2008ರಲ್ಲಿ ಸಂಚಾರಿ ಪೀಠವಾಗಿ ಬಂದು 2013ರಲ್ಲಿ ಕಾಯಂ ಆದ ಹೈಕೋರ್ಟ್ ಪೀಠವೂ ಅಲ್ಲಿದೆ. ಹಣದ ಚಿಂತೆಯೂ ಬೇಡ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಂತೆ ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರು ಸಿಗುತ್ತಾರೆ. ಆಳಂದ, ಅಫಜಲಪುರ, ಜೇವರ್ಗಿಯ ನ್ಯಾಯಾಲಯಗಳಲ್ಲಿರುವ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಟ್ಟರಾಯಿತು. 15100ಕ್ಕೂ ಕರೆ ಮಾಡಬಹುದು. ನಿಮಗಷ್ಟೇ ಅಲ್ಲ, ಆ ಆಯಿಗೂ, ಆ ಅತಿಥಿ ಶಿಕ್ಷಕಿಗೂ ಇದೇ ಬಾಗಿಲು ತೆರೆದಿದೆ. ಅವರಿಗೆ ಹೇಳಿ.

ಪ್ರಭಾರ ಬಿಡಲೇ?

ಬಿಡಬೇಡಿ. ನೀವು ಬಿಟ್ಟರೆ ಉಳಿದ ಇಬ್ಬರಲ್ಲಿ ಒಬ್ಬರಿಗೆ ಅದೇ ಕೋಣೆ, ಅದೇ ಒಲೆ, ಅದೇ ಅಧ್ಯಕ್ಷರು ಗಂಟುಬೀಳುತ್ತಾರೆ. ಅಪಾಯ ಇದ್ದಲ್ಲೇ ಇರುತ್ತದೆ. ಗೊತ್ತಿದ್ದೂ ಏನೂ ಬರೆಯದೆ ಪ್ರಭಾರ ಒಪ್ಪಿಸಿ ಹೊರಟರೆ ನಿಮ್ಮ ಅವಧಿಯ ಮೌನಕ್ಕೆ ನೀವೇ ಉತ್ತರಿಸಬೇಕಾಗುತ್ತದೆ. ಬರೆದು, ಬೀಗ ಹಾಕಿ, ಆಯಿಯ ವರದಿ ಕಳಿಸಿ, ಶಿಕ್ಷಕಿಯ ಅರ್ಜಿ ಸಲ್ಲಿಸಿದ ಮೇಲೆ ನಿಮ್ಮ ಸ್ಥಾನ ಮೊದಲಿಗಿಂತ ಗಟ್ಟಿ. ಮುಂದಿನ ಹೆಜ್ಜೆ ಇಡಬೇಕಾದವರು ಬಿಇಒ, ಎಂಜಿನಿಯರು, ಸಹಾಯಕ ನಿರ್ದೇಶಕರು. 2021ರಲ್ಲಿ ಕೇಂದ್ರ ಶಿಕ್ಷಣ ಸಚಿವಾಲಯ ಹೊರಡಿಸಿದ ಶಾಲಾ ಸುರಕ್ಷತೆಯ ಮಾರ್ಗಸೂಚಿಯೂ ಸರ್ಕಾರಿ ಶಾಲೆಗಳಲ್ಲಿ ಮುಖ್ಯಸ್ಥರು, ಶಿಕ್ಷಕರ ಜೊತೆಗೆ ಶಿಕ್ಷಣ ಆಡಳಿತವನ್ನೂ ಹೊಣೆಗಾರರನ್ನಾಗಿ ಮಾಡಿದೆ.

ಒಬ್ಬರೇ ಹೊರುವ ಬದಲು ಜೊತೆ ಕೂಡಿಕೊಳ್ಳಿ. ಕ್ಲಸ್ಟರ್ ಸಭೆಯಲ್ಲಿ ವಿಷಯ ಎತ್ತಿ. ನಿಮ್ಮಂಥ ಕೋಣೆಯಿರುವ ಶಾಲೆ ನಿಮ್ಮದೊಂದೇ ಇರಲಾರದು. ಎಲ್ಲ ಮುಖ್ಯ ಗುರುಗಳೂ ಸೇರಿ ಒಂದೇ ಮನವಿ ಕೊಟ್ಟರೆ ಅದನ್ನು ಕಡತದಡಿ ತಳ್ಳುವುದು ಕಷ್ಟ. ಶಿಕ್ಷಕರ ಸಂಘವನ್ನೂ ಕರೆಯಿರಿ. ವರ್ಗಾವಣೆಯ ಹೋರಾಟಕ್ಕೆ ಇರುವ ಶಕ್ತಿ ಮಕ್ಕಳ ತಲೆಯ ಮೇಲಿನ ಚಾವಣಿಗೂ ಸಲ್ಲಲಿ.

ಇದನ್ನು ಓದುವ ಅಧಿಕಾರಿಗಳಿಗೂ ಒಂದು ಮಾತು. ಅನಾಹುತವಾದ ದಿನ ಮುಖ್ಯ ಶಿಕ್ಷಕಿಯನ್ನು ಅಮಾನತು ಮಾಡುವಷ್ಟೇ ವೇಗದಲ್ಲಿ, ಅನಾಹುತಕ್ಕೆ ಮುಂಚೆ ಆಕೆ ಬರೆದ ಪತ್ರಕ್ಕೆ ಉತ್ತರ ಕೊಡಿ. ಶಾಲೆಯ ನಿಜವಾದ ಮಾಲೀಕ ಸರ್ಕಾರ. ಹಳ್ಳಿಯವರ ಕಣ್ಣಿಗೆ ಆ ಸರ್ಕಾರ ನೀವೇ.

ತಂಗೀ, ರಾತ್ರಿ ನಿದ್ದೆ ಬಾರದಿದ್ದರೆ ಅದು ನಿಮ್ಮ ದೌರ್ಬಲ್ಯವಲ್ಲ, ಆ ಮಕ್ಕಳ ಬಗೆಗಿನ ಕಾಳಜಿ. ಅದನ್ನು ಮನೆಯವರೊಂದಿಗೆ, ಜೊತೆಯ ಶಿಕ್ಷಕರೊಂದಿಗೆ ಹಂಚಿಕೊಳ್ಳಿ. ಕೆಲಸದ ಕ್ರಮ ಹೀಗಿರಲಿ: ನಾಳೆ ಬೆಳಿಗ್ಗೆ ಕೋಣೆಗೆ ಬೀಗ, ಮಧ್ಯಾಹ್ನದೊಳಗೆ ಆಯಿಯ ಆಸ್ಪತ್ರೆ ಚೀಟಿ, ಸಂಜೆಯೊಳಗೆ ಮೂರು ಪತ್ರಗಳು. ವಾರದೊಳಗೆ ಎಸ್‌ಡಿಎಂಸಿ ಸಭೆ ಕರೆದು ಮೂರನ್ನೂ ನಡಾವಳಿಯಲ್ಲಿ ದಾಖಲಿಸಿ. ತಿಂಗಳಾದರೂ ಕಚೇರಿಯಿಂದ ಉತ್ತರ ಬಾರದಿದ್ದರೆ ಸ್ವೀಕೃತಿ ಪ್ರತಿಗಳೊಂದಿಗೆ ಜಿಲ್ಲೆಯ ಶಾಲಾ ಶಿಕ್ಷಣ ಉಪನಿರ್ದೇಶಕರಿಗೆ (ಡಿಡಿಪಿಐ) ಬರೆಯಿರಿ, ಆಮೇಲೆ ನನಗೂ ತಿಳಿಸಿ.